ಹೂಳಿನಡಿಯ ಊರುಗಳು

ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿ ಸುಣ್ಣಕಲ್ಲಿನ ಒಂದು ದೊಡ್ಡ ಚಕ್ಕೆಯಿದೆ. ಅದರ ಎರಡೂ ಬದಿಗೆ ಕಪ್ಪು, ಕೆಂಪು ಶಾಯಿಯಲ್ಲಿ ಸಾಲುಸಾಲು ಬರಹ. ಎರಡನೇ ರಾಮ್ಸೆಸ್‌ನ ಆಳ್ವಿಕೆಯ 40ನೇ ವರ್ಷದ್ದು, ಅಂದರೆ ಕ್ರಿ.ಪೂ. 13ನೇ ಶತಮಾನದ್ದು. ಅದೊಂದು ಹಾಜರಿ ಪಟ್ಟಿ. ಸುಮಾರು 40 ಕೆಲಸಗಾರರ ಹೆಸರು, ಪ್ರತಿ ಹೆಸರಿನ ಮುಂದೆ ಅವರು ಕೆಲಸಕ್ಕೆ ಬಾರದ ದಿನಗಳು, ಬಾರದಿದ್ದುದಕ್ಕೆ ಕಾರಣ. ಒಬ್ಬನಿಗೆ ಕಣ್ಣು ನೋವು, ಒಬ್ಬನಿಗೆ ಚೇಳು ಕುಟುಕಿದೆ. ಒಬ್ಬ ತಾಯಿಯ ಶವಸಂಸ್ಕಾರಕ್ಕೆ ಹೋಗಿದ್ದಾನೆ, ಮತ್ತೊಬ್ಬ ಬಿಯರ್ ಮಾಡಲು ಮನೆಯಲ್ಲೇ ಉಳಿದಿದ್ದಾನೆ. ಕೆಲವರ ಹೆಂಡತಿಯೋ ಮಗಳೋ ಮುಟ್ಟಾಗಿದ್ದಾರೆ. ಪಹೆರಿಪೆಜೆತ್ ಎಂಬಾತ ದಿನಗಟ್ಟಲೆ ಬಂದಿಲ್ಲ. ಅವನು ಕಾಯಿಲೆ ಬಿದ್ದ ಜೊತೆಯವರಿಗೆ ಮದ್ದು ಮಾಡಿಕೊಡುತ್ತಿದ್ದ.

ಈ ಪಟ್ಟಿ ಓದಿದವರಿಗೆ ಫೇರೋಗಳ ಕಾಲ ಒಮ್ಮೆಲೇ ಹತ್ತಿರ ಬರುತ್ತದೆ. ಪುಸ್ತಕಗಳಲ್ಲಿ, ಸಾಕ್ಷ್ಯಚಿತ್ರಗಳಲ್ಲಿ 'ಪ್ರಾಚೀನ ಈಜಿಪ್ಟಿಯನ್ನರು ಹೀಗೆ ಬದುಕುತ್ತಿದ್ದರು' ಎಂದು ಹೇಳುವಾಗ ಆಧಾರವಾಗುವುದೂ ಇಂಥ ಬರಹಗಳೇ. ಆದರೆ ಈ 40 ಜನ ಯಾರು? ರಾಜರ ಗೋರಿಗಳನ್ನು ಕೊರೆದು ಚಿತ್ರ ಬರೆಯಲು ಸರ್ಕಾರ ಸಾಕಿದ್ದ ಕುಶಲಕರ್ಮಿಗಳು. ಆ ಕಾಲದ ಈಜಿಪ್ಟಿನಲ್ಲಿ 20ರಿಂದ 30 ಲಕ್ಷ ಜನ ಇದ್ದರೆಂದು ವಿದ್ವಾಂಸರ ಅಂದಾಜು. ಅವರಲ್ಲಿ ಬಹುಪಾಲು ಹೊಲದಲ್ಲಿ ದುಡಿಯುವವರು. ಆ ರೈತರ ಹಾಜರಿ ಪಟ್ಟಿ ನಮ್ಮಲ್ಲಿಲ್ಲ, ಅವರ ಮನೆಗಳೂ ಸಿಕ್ಕಿದ್ದು ತೀರಾ ಕಡಿಮೆ. ಈಜಿಪ್ಟಿನ ದಿನನಿತ್ಯದ ಬದುಕಿನ ಬಗ್ಗೆ ಕಳೆದ ನೂರೈವತ್ತು ವರ್ಷಗಳಲ್ಲಿ ಕೂಡಿಬಂದ ತಿಳಿವಳಿಕೆಯನ್ನು ಒಟ್ಟಿಗೆ ನೋಡುವಾಗ ಮೊದಲು ಕೇಳಬೇಕಾದ ಪ್ರಶ್ನೆ ಇದೇ: ಯಾವ ನೆಲದಿಂದ, ಯಾರ ಕೈಬರಹದಿಂದ ಅದು ಬಂತು?

ಕಾರಣ ನೈಲ್ ನದಿಯಲ್ಲೇ ಇದೆ. ಇಥಿಯೋಪಿಯಾದ ಬೆಟ್ಟಗಳಲ್ಲಿ ಸುರಿದ ಮಳೆ ಬೇಸಿಗೆಯ ಕೊನೆಗೆ ಈಜಿಪ್ಟಿಗೆ ನೆರೆಯಾಗಿ ಬರುತ್ತಿತ್ತು. ವಾರಗಟ್ಟಲೆ ಹೊಲಗಳೆಲ್ಲ ನೀರಿನಲ್ಲಿ ನಿಂತು, ನೀರು ಇಳಿದ ಮೇಲೆ ಕಪ್ಪು ಮೆಕ್ಕಲು ಉಳಿಯುತ್ತಿತ್ತು. ವರ್ಷವನ್ನು ಅವರು ಭಾಗ ಮಾಡಿಕೊಂಡದ್ದೂ ಇದರ ಮೇಲೆಯೇ: ನೆರೆಯ ನಾಲ್ಕು ತಿಂಗಳು, ಬೆಳೆಯ ನಾಲ್ಕು ತಿಂಗಳು, ಸುಗ್ಗಿಯ ನಾಲ್ಕು ತಿಂಗಳು, ತಿಂಗಳಿಗೆ 30 ದಿನ, ಕೊನೆಗೆ ಹೆಚ್ಚಿಗೆ ಐದು ದಿನ. ರೈತರ ಊರುಗಳು ಈ ಬಯಲಿನಲ್ಲೇ ಎತ್ತರದ ದಿಬ್ಬಗಳ ಮೇಲೆ ಹಸಿ ಇಟ್ಟಿಗೆಯಲ್ಲಿ ಕಟ್ಟಿದವು. ಗೋಡೆ ಕುಸಿದರೆ ಅದರ ಮೇಲೆಯೇ ಹೊಸ ಗೋಡೆ. ಸಾವಿರಾರು ವರ್ಷಗಳ ಹೂಳು ಸುತ್ತಲೂ ಏರುತ್ತಾ ಬಂದು ಹಳೆಯ ಪದರಗಳು ಇಂದಿನ ಅಂತರ್ಜಲದ ಮಟ್ಟಕ್ಕಿಂತ ಕೆಳಗಿವೆ. ಎಷ್ಟೋ ದಿಬ್ಬಗಳ ಮೇಲೆ ಇಂದಿನ ಹಳ್ಳಿಗಳು, ಪಟ್ಟಣಗಳು ನಿಂತಿವೆ. ಉಳಿದವುಗಳಲ್ಲಿ ಎಷ್ಟನ್ನೋ 19ನೇ ಶತಮಾನದಲ್ಲಿ ರೈತರೇ ಅಗೆದರು. ಕರಗಿದ ಹಸಿ ಇಟ್ಟಿಗೆಯ ಮಣ್ಣು ಒಳ್ಳೆಯ ಗೊಬ್ಬರ. ಅಲ್ಲಿನವರು ಅದನ್ನು 'ಸೆಬಾಖ್' ಎನ್ನುತ್ತಾರೆ. 1887ರಲ್ಲಿ ಅಮಾರ್ನಾದ ಪ್ರಸಿದ್ಧ ರಾಜತಾಂತ್ರಿಕ ಪತ್ರಗಳು ಸಿಕ್ಕಿದ್ದು ಹೀಗೆ ಗೊಬ್ಬರದ ಮಣ್ಣು ಅಗೆಯುತ್ತಿದ್ದ ಹೆಂಗಸಿಗೆ ಎಂದು ಹೇಳಲಾಗುತ್ತದೆ. ಒಂದು ಪತ್ರಾಗಾರ ಉಳಿಯಿತು, ಆದರೆ ಎಷ್ಟು ಊರುಗಳು ಗಾಡಿಗಟ್ಟಲೆ ಹೊಲ ಸೇರಿದವೋ ಲೆಕ್ಕವಿಲ್ಲ.

ಮರುಭೂಮಿಯ ಅಂಚಿನದು ಬೇರೆ ಕಥೆ. ಅಲ್ಲಿ ನೆರೆ ಮುಟ್ಟುವುದಿಲ್ಲ, ಮಳೆ ಬರುವುದಿಲ್ಲ. ಕಟ್ಟಿಗೆ, ಬಟ್ಟೆ, ರೊಟ್ಟಿ, ಪಪೈರಸ್, ಎಲ್ಲವೂ ಒಣಗಿ ಉಳಿಯುತ್ತವೆ. ಆದ್ದರಿಂದಲೇ ಗೋರಿಗಳು ಉಳಿದವು. ಗೋರಿ ಕಟ್ಟಲು ಬಂದವರಿಗಾಗಿ ಸರ್ಕಾರ ಕಟ್ಟಿಸಿದ ಊರುಗಳೂ ಉಳಿದವು. ಫ್ಲಿಂಡರ್ಸ್ ಪೆಟ್ರಿ 1889ರಲ್ಲಿ ಅಗೆದ ಲಾಹೂನ್, ಅಖೆನಾತೆನ್ ಕಟ್ಟಿಸಿದ ಅಮಾರ್ನಾದ ಕೆಲಸಗಾರರ ಹಳ್ಳಿ, ಲಕ್ಸಾರ್ ಎದುರಿನ ಪಶ್ಚಿಮ ದಂಡೆಯ ದೇರ್ ಎಲ್-ಮದೀನಾ, ಗೀಜಾದ ಪಿರಮಿಡ್ ಕಟ್ಟಿದವರ ವಸತಿ: ಈ ನಾಲ್ಕರಿಂದಲೇ ನಮ್ಮ ಚಿತ್ರದ ದೊಡ್ಡ ಭಾಗ ಬಂದಿದೆ. ನಾಲ್ಕೂ ಸರ್ಕಾರ ಯೋಜಿಸಿ ಕಟ್ಟಿಸಿದ, ಹೊರಗಿನಿಂದ ಧಾನ್ಯ ತರಿಸಿಕೊಂಡು ಬದುಕಿದ ಊರುಗಳು. ಹೊಲ ಉತ್ತು ತಿಂದ ಊರು ಇವುಗಳಲ್ಲಿ ಒಂದೂ ಇಲ್ಲ.

ಹಾಜರಿ ಪಟ್ಟಿಯ ಆ 40 ಜನರ ಊರು ದೇರ್ ಎಲ್-ಮದೀನಾ. ಅದನ್ನು ಅಲ್ಲಿನವರು 'ಸತ್ಯದ ತಾಣ' ಎಂದು ಕರೆಯುತ್ತಿದ್ದರು. 18ನೇ ರಾಜವಂಶದ ಆರಂಭದಲ್ಲಿ ಹುಟ್ಟಿದ ಈ ಊರು ಸುಮಾರು ನಾಲ್ಕು ಶತಮಾನ ಬಾಳಿತು. ಗೋಡೆಯೊಳಗೆ 68ರಷ್ಟು ಮನೆಗಳು, ಮಧ್ಯೆ ಒಂದು ಕಿರಿದಾದ ಓಣಿ. ಮನೆಗಳು ಒಂದಕ್ಕೊಂದು ಗೋಡೆ ಹಂಚಿಕೊಂಡು ಉದ್ದಕ್ಕೆ ಚಾಚಿದವು. ಬೀದಿಗೆ ತೆರೆಯುವ ಮುಂದಿನ ಕೋಣೆಯಲ್ಲಿ ಇಟ್ಟಿಗೆಯ ಎತ್ತರದ ಜಗಲಿ, ಗೋಡೆಯ ಮೇಲೆ ಹೆರಿಗೆಯನ್ನೂ ಮಕ್ಕಳನ್ನೂ ಕಾಯುವ ಕುಳ್ಳ ದೇವರು ಬೆಸ್. ಆಮೇಲೆ ಕಂಬ ನಿಲ್ಲಿಸಿದ ನಡುಮನೆ, ಅದರ ಹಿಂದೆ ಒಂದೆರಡು ಸಣ್ಣ ಕೋಣೆ, ಕೊನೆಗೆ ಬಯಲಿಗೆ ತೆರೆದ ಅಡುಗೆಮನೆ, ನೆಲಮಾಳಿಗೆ, ಮಾಳಿಗೆಗೆ ಹತ್ತುವ ಮೆಟ್ಟಿಲು. ಊರಲ್ಲಿ ಬಾವಿಯಿರಲಿಲ್ಲ. ನೀರು ಕಣಿವೆಯ ಕೆಳಗಿನಿಂದ ಕತ್ತೆಗಳ ಮೇಲೆ ಬರುತ್ತಿತ್ತು. ನೀರಿಗಾಗಿ ತೋಡಿದಂತೆ ಕಾಣುವ ಆಳದ ದೊಡ್ಡ ಹೊಂಡದಲ್ಲಿ ನೀರು ಬರಲಿಲ್ಲ, ಜನ ಅದನ್ನು ತಿಪ್ಪೆಗುಂಡಿ ಮಾಡಿಕೊಂಡರು. ಫ್ರಾನ್ಸಿನ ಬರ್ನಾರ್ ಬ್ರುಯೇರ್ 1922ರಿಂದ ಮೂರು ದಶಕ ಈ ಊರನ್ನು ಅಗೆದರು. ಕೊನೆಯ ವರ್ಷಗಳಲ್ಲಿ ಆ ಹೊಂಡ ಬರಿದು ಮಾಡಿದಾಗ ಅದರಿಂದ ಸಾವಿರಾರು ಬರಹದ ಚೂರುಗಳು ಬಂದವು. ಪಪೈರಸ್ ದುಬಾರಿ, ಕಲ್ಲಿನ ಚಕ್ಕೆ, ಒಡೆದ ಮಡಕೆಯ ಚೂರು ಪುಕ್ಕಟೆ. ಸಾಲದ ಲೆಕ್ಕ, ಜಗಳದ ದೂರು, ಅಗಸನಿಗೆ ಕೊಟ್ಟ ಬಟ್ಟೆಯ ಪಟ್ಟಿ, ಕಾಗುಣಿತ ಕಲಿಯುವವನ ಅಭ್ಯಾಸ, ಎಲ್ಲವನ್ನೂ ಅದರ ಮೇಲೆ ಗೀಚಿ ಕೆಲಸ ಮುಗಿದ ಮೇಲೆ ಎಸೆಯುತ್ತಿದ್ದರು. ಆ ಬಟ್ಟೆಯ ಪಟ್ಟಿಗಳಲ್ಲಿ ಕೆಲವು ಬರಹವೇ ಇಲ್ಲದೆ ಬಟ್ಟೆಗಳ ಪುಟ್ಟ ಚಿತ್ರಗಳಲ್ಲಿವೆ. ಓದು ಬಾರದವರೂ ಅದರಿಂದ ಲೆಕ್ಕ ಹಿಡಿಯಬಹುದಿತ್ತು. ಈ ಚೂರುಗಳನ್ನು ಓದಿ, ಹೆಸರಿಗೆ ಹೆಸರು ಜೋಡಿಸಿ, ಮನೆತನಗಳನ್ನು ಗುರುತಿಸುವ ಕೆಲಸಕ್ಕೆ ಜೆಕ್ ವಿದ್ವಾಂಸ ಯಾರೊಸ್ಲಾವ್ ಚೆರ್ನಿ ತಮ್ಮ ಇಡೀ ಆಯುಷ್ಯವನ್ನೇ ಕೊಟ್ಟರು. ಈಜಿಪ್ಟಿನ ಶಾಸ್ತ್ರದಲ್ಲಿ ಚಿನ್ನ ಕಂಡುಹಿಡಿದವರಿಗಿಂತ ನನಗೆ ಇಂಥವರ ಮೇಲೆ ಹೆಚ್ಚು ಗೌರವ.

ಇಲ್ಲಿನ ಸಂಬಳ ಧಾನ್ಯದಲ್ಲಿ. ನಾಣ್ಯ ಇನ್ನೂ ಬಂದಿರಲಿಲ್ಲ. ಒಬ್ಬ ಕೆಲಸಗಾರನಿಗೆ ತಿಂಗಳಿಗೆ ನಾಲ್ಕು ಚೀಲ ಗೋಧಿ, ಒಂದೂವರೆ ಚೀಲ ಬಾರ್ಲಿ; ಆ ಚೀಲವೊಂದರಲ್ಲಿ ಸುಮಾರು 77 ಲೀಟರ್ ಹಿಡಿಯುತ್ತಿತ್ತು. ಮೇಸ್ತ್ರಿಗೆ ಗೋಧಿ ಐದೂವರೆ, ಬಾರ್ಲಿ ಎರಡು. ಇದರ ಜೊತೆಗೆ ಮೀನು, ತರಕಾರಿ, ಸೌದೆ, ಮಡಕೆ, ನೀರು. ಒಂದು ಸಂಸಾರ ತಿಂದು ಮಿಗುವಷ್ಟು ಧಾನ್ಯ ಇದು. ಮಿಕ್ಕದ್ದರಿಂದ ವ್ಯಾಪಾರ ನಡೆಯುತ್ತಿತ್ತು. ಬೆಲೆ ಕಟ್ಟುತ್ತಿದ್ದುದು ತಾಮ್ರದ ತೂಕದಲ್ಲಿ, 91 ಗ್ರಾಂ ತಾಮ್ರಕ್ಕೆ ಒಂದು 'ದೆಬೆನ್'. ಆದರೆ ತಾಮ್ರ ಕೈ ಬದಲಾಗಬೇಕಿರಲಿಲ್ಲ. ಒಂದು ಕತ್ತೆಗೆ ಇಷ್ಟು ದೆಬೆನ್ ಎಂದು ಒಪ್ಪಿ, ಅಷ್ಟು ಬೆಲೆಯ ಬಟ್ಟೆ, ಎಣ್ಣೆ, ಚಾಪೆ, ಕೆರ ಕೂಡಿಸಿ ಕೊಡುತ್ತಿದ್ದರು. ಒಂದು ಚೀಲ ಧಾನ್ಯಕ್ಕೆ ಸಾಮಾನ್ಯವಾಗಿ ಎರಡು ದೆಬೆನ್, ಒಂದು ಜೊತೆ ಕೆರಕ್ಕೆ ಒಂದೋ ಎರಡೋ. ಡಚ್ ವಿದ್ವಾಂಸ ಯಾಕ್ ಯಾನ್ಸೆನ್ 1975ರಲ್ಲಿ ಈ ಬೆಲೆಗಳನ್ನೆಲ್ಲ ಒಂದೆಡೆ ಸೇರಿಸಿ ದೊಡ್ಡ ಗ್ರಂಥವನ್ನೇ ಬರೆದರು. ಕ್ರಿಸ್ತಪೂರ್ವ ಹನ್ನೆರಡನೇ ಶತಮಾನದ ಒಂದು ಹಳ್ಳಿಯ ಸಂತೆ ದರವನ್ನು ಇಷ್ಟು ವಿವರವಾಗಿ ತಿಳಿಯುವ ಭಾಗ್ಯ ಬೇರೆ ಯಾವ ನಾಡಿಗೆ ಇದೆ?

ಸಂಬಳ ತಡವಾದಾಗ ಏನಾಯಿತೆಂಬುದೂ ಉಳಿದಿದೆ. ಮೂರನೇ ರಾಮ್ಸೆಸ್‌ನ 29ನೇ ವರ್ಷ, ಕ್ರಿ.ಪೂ. 1157ರ ಸುಮಾರಿಗೆ, ಧಾನ್ಯ ಬಾರದೆ ವಾರಗಳು ಕಳೆದಾಗ ಕೆಲಸಗಾರರು ಹತಾರ ಕೆಳಗಿಟ್ಟು, ಕಾವಲು ಗೋಡೆಗಳನ್ನು ದಾಟಿ ಹೊರಟು ಮೂರನೇ ಥುತ್‌ಮೋಸ್‌ನ ದೇವಾಲಯದ ಹಿಂದೆ ಕುಳಿತುಬಿಟ್ಟರು. ಅಧಿಕಾರಿಗಳು ಬಂದು ಸಮಾಧಾನ ಮಾಡಿದರು. ಅವರು ಏಳಲಿಲ್ಲ. ಹಸಿವು ಬಾಯಾರಿಕೆಗಳೇ ತಮ್ಮನ್ನು ಇಲ್ಲಿಗೆ ತಂದವು, ಬಟ್ಟೆಯಿಲ್ಲ, ಎಣ್ಣೆಯಿಲ್ಲ, ಮೀನಿಲ್ಲ, ತರಕಾರಿಯಿಲ್ಲ, ಇದನ್ನು ಫೇರೋಗೆ ಬರೆಯಿರಿ, ವಜೀರನಿಗೆ ಬರೆಯಿರಿ ಎಂದರು. ಇದನ್ನು ದಿನಾಂಕ ಸಮೇತ ದಾಖಲಿಸಿದ ಪಪೈರಸ್ ಇಟಲಿಯ ಟ್ಯುರಿನ್ ವಸ್ತುಸಂಗ್ರಹಾಲಯದಲ್ಲಿದೆ. ಬರೆದವನು ಊರಿನ ಕರಣಿಕ ಅಮೆನ್ನಖ್ತೆ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಜಗತ್ತಿನಲ್ಲಿ ದಾಖಲಾದ ಮೊದಲ ಮುಷ್ಕರ ಇದೆಂದು ಸಾಮಾನ್ಯವಾಗಿ ಹೇಳುತ್ತಾರೆ. ಈ ಪತ್ರದಲ್ಲಿ ನನ್ನನ್ನು ಹೆಚ್ಚು ತಟ್ಟುವುದು ಕೇಳುವವರ ಧೈರ್ಯ. ಕಳೆದ ತಿಂಗಳ ಧಾನ್ಯ ತಮ್ಮ ಹಕ್ಕೆಂಬುದರಲ್ಲಿ ಅವರಿಗೆ ಅನುಮಾನವೇ ಇಲ್ಲ. ಅವರಿಗೆ ಕೊನೆಗೆ ಧಾನ್ಯ ಸಿಕ್ಕಿತು, ಆದರೆ ಮುಂದಿನ ತಿಂಗಳುಗಳಲ್ಲಿ ಮತ್ತೆ ಮತ್ತೆ ಹೀಗೆಯೇ ಕುಳಿತುಕೊಳ್ಳಬೇಕಾಯಿತು. ಹೊಲದಲ್ಲಿ ದುಡಿಯುವವನು ಹೀಗೆ ಎದ್ದು ನಡೆದ ದಾಖಲೆ ಮಾತ್ರ ಸಿಕ್ಕಿಲ್ಲ. ಕುಶಲಕರ್ಮಿಗಳ ಕೈ ಇಲ್ಲದೆ ರಾಜನ ಗೋರಿ ಮುಗಿಯದು, ಅವರ ಮಾತಿಗೆ ತೂಕವಿತ್ತು.

ಈ ಊರಿನ ಹೆಂಗಸರಲ್ಲಿ ನೌನಖ್ತೆಯನ್ನು ಮರೆಯಲಾಗದು. ಮೊದಲು ಕರಣಿಕ ಕೆನ್‌ಹಿರ್‌ಖೊಪ್‌ಶೆಫ್‌ನನ್ನು, ಅವನು ತೀರಿದ ಮೇಲೆ ಖಾಎಮ್‌ನೂನ್ ಎಂಬ ಕೆಲಸಗಾರನನ್ನು ಮದುವೆಯಾದವಳು, ಎಂಟು ಮಕ್ಕಳ ತಾಯಿ. ಐದನೇ ರಾಮ್ಸೆಸ್‌ನ ಮೂರನೇ ವರ್ಷ ಅವಳು ಊರಿನ ನ್ಯಾಯಸಭೆಯ ಮುಂದೆ ಬಂದು ತನ್ನ ಆಸ್ತಿಯ ಮಾತಾಡಿದಳು. ಎಂಟೂ ಮಕ್ಕಳನ್ನು ಸಾಕಿ ಬೆಳೆಸಿದ್ದೇನೆ, ಅವರವರ ಮನೆ ಹೂಡಲು ಬೇಕಾದ್ದನ್ನು ಕೊಟ್ಟಿದ್ದೇನೆ, ಈಗ ನಾನು ಮುದುಕಿಯಾದೆ, ನನ್ನ ಕೈ ಹಿಡಿದವರಿಗೆ ಕೊಡುತ್ತೇನೆ, ಹಿಡಿಯದವರಿಗೆ ಕೊಡುವುದಿಲ್ಲ ಎಂಬುದು ಅವಳ ಮಾತಿನ ಸಾರ. ತಂದೆಯ ಪಾಲನ್ನು ಅವಳು ತಪ್ಪಿಸುವಂತಿಲ್ಲ, ತನ್ನ ಪಾಲು ತನ್ನಿಷ್ಟ. ನೋಡಿಕೊಂಡ ಮಗನೊಬ್ಬನಿಗೆ ಹೆಚ್ಚಿಗೆ ಒಂದು ಕಂಚಿನ ಪಾತ್ರೆ. ಆ ಪಪೈರಸ್ ಈಗ ಆಕ್ಸ್‌ಫರ್ಡಿನ ಆಶ್ಮೋಲಿಯನ್ ಮ್ಯೂಸಿಯಮ್ಮಿನಲ್ಲಿದೆ. ಹೆಣ್ಣು ಸ್ವಂತ ಆಸ್ತಿ ಹೊಂದಬಹುದಿತ್ತು, ಸಾಕ್ಷಿ ಹೇಳಬಹುದಿತ್ತು, ಮದುವೆ ಮುರಿದು ಹೊರಬರಬಹುದಿತ್ತು ಎಂಬುದಕ್ಕೆ ಇಂಥ ದಾಖಲೆಗಳೇ ಆಧಾರ. ಇದನ್ನು ಇಡೀ ಈಜಿಪ್ಟಿನ ಹೆಣ್ಣುಮಕ್ಕಳ ಸ್ಥಿತಿಯೆಂದು ಹಿಗ್ಗಿಸುವ ಲೇಖಕರು ಬಹಳ. ಕಾನೂನು ಒಂದೇ ಆಗಿದ್ದರೂ ಅದನ್ನು ಬಳಸಿಕೊಳ್ಳಲು ಆಸ್ತಿ ಬೇಕು, ಹತ್ತಿರದಲ್ಲಿ ಬರೆಯುವವನು ಬೇಕು. ಅದೇ ಊರಿನಲ್ಲಿ, ಮನೆಗಳಿಗೆ ಹಿಟ್ಟು ಬೀಸಿಕೊಡಲು ಸರ್ಕಾರ ಒದಗಿಸಿದ ದಾಸಿಯರಿದ್ದರು. ಅವರ ದುಡಿಮೆಯ ದಿನಗಳನ್ನು ಮನೆಮನೆಗೆ ಹಂಚಿ, ಆ ದಿನಗಳನ್ನೇ ಮಾರಿಕೊಂಡ ಲೆಕ್ಕಗಳೂ ಚೂರುಗಳ ಮೇಲಿವೆ.

ಆ ಬೀಸುವ ಕೆಲಸದ ಮುಂದೆ ಸ್ವಲ್ಪ ಹೊತ್ತು ನಿಲ್ಲಬೇಕು. ಈಜಿಪ್ಟಿನವರು ತಿಂದದ್ದು ಇಂದಿನ ಸಾಮಾನ್ಯ ಗೋಧಿಯಲ್ಲ. ಅದು ಹೊಟ್ಟಿನ ಗೋಧಿ, ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರದ ಕಡೆ ಇಂದಿಗೂ ಬೆಳೆಯುವ ಜವೆಗೋಧಿಯ ಜಾತಿ. ಸದಕ ಎಂದರೂ ಅದೇ. ಉತ್ತರ ಕರ್ನಾಟಕದಲ್ಲಿ ಅದರ ಮಾದಲಿ ತಿಂದವರಿಗೆ ಗೊತ್ತು, ಒಕ್ಕಿ ತೂರಿದರೂ ಕಾಳಿನ ಸಿಪ್ಪೆ ಬಿಡುವುದಿಲ್ಲ, ಮತ್ತೆ ಕುಟ್ಟಬೇಕು. ಈಜಿಪ್ಟಿನಲ್ಲಿ ಅದನ್ನು ನೆಲದಲ್ಲಿ ಹೂತ ಕಲ್ಲಿನ ಒರಳಿನಲ್ಲಿ ಮರದ ಒನಕೆಯಿಂದ ಕುಟ್ಟಿ, ಕೇರಿ, ಆಮೇಲೆ ಇಳಿಜಾರಾದ ಕಲ್ಲಿನ ಮೇಲೆ ಮತ್ತೊಂದು ಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಉಜ್ಜಿ ಹಿಟ್ಟು ಮಾಡುತ್ತಿದ್ದರು. ಸುತ್ತುವ ಬೀಸುಕಲ್ಲು ಆ ನಾಡಿಗೆ ಬಂದದ್ದು ಗ್ರೀಕ್ ದೊರೆಗಳ ಕಾಲಕ್ಕೆ. ಅದಕ್ಕೆ ಮುಂಚಿನ ಎರಡೂವರೆ ಸಾವಿರ ವರ್ಷ, ಪಿರಮಿಡ್ಡುಗಳ ಕಾಲವೂ ಸೇರಿ, ಪ್ರತಿದಿನದ ಪ್ರತಿ ರೊಟ್ಟಿಯ ಹಿಂದೆ ಮಂಡಿಯೂರಿ ಕುಳಿತ ಒಬ್ಬ ಹೆಂಗಸಿನ ತೋಳು, ಬೆನ್ನು ದುಡಿದಿವೆ. ರೊಟ್ಟಿಗೆ ಸೇರುತ್ತಿದ್ದ ಕಲ್ಲಿನ ಪುಡಿ, ಮರಳಿನಿಂದಾಗಿ ಹಲ್ಲುಗಳು ಸವೆದು ನರ ತೆರೆದುಕೊಳ್ಳುತ್ತಿದ್ದವು. ರಾಜರ ಮಮ್ಮಿಗಳಲ್ಲೂ ಸವೆದ ಹಲ್ಲು, ಕೀವುಗಟ್ಟಿದ ದವಡೆ ಕಾಣುತ್ತವೆ.

ಬಿಯರಿನ ಕಥೆಯಲ್ಲಿ ವಿಜ್ಞಾನ ಒಂದು ಹಳೆಯ ನಂಬಿಕೆಯನ್ನು ತಿದ್ದಿತು. ಗೋರಿಯ ಚಿತ್ರಗಳನ್ನು ನೋಡಿ, ಅರೆಬೆಂದ ರೊಟ್ಟಿಯನ್ನು ನೀರಿನಲ್ಲಿ ಕಿವುಚಿ ಹುಳಿಬರಿಸುತ್ತಿದ್ದರು ಎಂದು ಬಹಳ ಕಾಲ ಬರೆಯಲಾಗಿತ್ತು. 1990ರ ದಶಕದಲ್ಲಿ ಡೆಲ್ವೆನ್ ಸ್ಯಾಮುಯೆಲ್ ಅವರು ಅಮಾರ್ನಾ ಮತ್ತು ದೇರ್ ಎಲ್-ಮದೀನಾದ ಮಡಕೆಗಳ ತಳದಲ್ಲಿ ಒಣಗಿ ಅಂಟಿದ್ದ ಗಸಿಯನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿಟ್ಟು ಪಿಷ್ಟದ ಕಣಗಳನ್ನು ನೋಡಿದರು. ಮೊಳಕೆ ಬರಿಸಿದ ಧಾನ್ಯವನ್ನು ಬೇಯಿಸಿದ, ಬೇಯಿಸದ ಎರಡು ಪಾಲು ಮಾಡಿ ಬೆರೆಸುತ್ತಿದ್ದ ಕುರುಹು ಅವರಿಗೆ ಸಿಕ್ಕಿತು. ರೊಟ್ಟಿಯ ಅಗತ್ಯವೇ ಇರಲಿಲ್ಲ. ಹಬ್ಬ, ಬಲಿ, ಕೂಲಿ ಎಲ್ಲಕ್ಕೂ ಬೇಕಾದ ಈ ಪಾನೀಯವನ್ನು ರಾಜ್ಯದ ಆರಂಭದಲ್ಲೇ ಎಷ್ಟು ದೊಡ್ಡದಾಗಿ ತಯಾರಿಸುತ್ತಿದ್ದರೆಂಬುದಕ್ಕೆ ಅಬೈಡೋಸ್‌ನ ಭಟ್ಟಿ ಸಾಕ್ಷಿ. ಸುಮಾರು 5,000 ವರ್ಷ ಹಿಂದಿನ ಅದರಲ್ಲಿ ಒಂದು ಸಲಕ್ಕೆ 22,400 ಲೀಟರ್ ತಯಾರಿಸಬಹುದಿತ್ತೆಂದು 2021ರಲ್ಲಿ ಪ್ರಕಟವಾಯಿತು.

ಪಿರಮಿಡ್ ಕಟ್ಟಿದವರ ವಿಚಾರದಲ್ಲಿ ಸಾರ್ವಜನಿಕರ ಕಲ್ಪನೆ ಇನ್ನೂ ಹೆರೊಡೊಟಸ್‌ನಲ್ಲೇ ನಿಂತಿದೆ: ಒಂದು ಲಕ್ಷ ಜನ, ಅದಕ್ಕೆ ಸಿನಿಮಾಗಳು ಸೇರಿಸಿದ ಚಾಟಿ. ಗೀಜಾದಲ್ಲಿ 1990ರಲ್ಲಿ ಕುದುರೆಯೊಂದು ಇಟ್ಟಿಗೆ ಗೋಡೆಗೆ ಎಡವಿದ್ದರಿಂದ ಬೆಳಕಿಗೆ ಬಂದ ಕೆಲಸಗಾರರ ಗೋರಿಗಳು, ಮಾರ್ಕ್ ಲೆಹ್ನರ್ ತಂಡ ದಶಕಗಳಿಂದ ಅಗೆಯುತ್ತಿರುವ ವಸತಿ, ಈ ಎರಡೂ ಚಿತ್ರವನ್ನು ಬದಲಿಸಿವೆ. ಸಾಲು ಬ್ಯಾರಕ್ಕುಗಳು, ರೊಟ್ಟಿ ಸುಡುವ ಭಟ್ಟಿಗಳು, ದನ, ಕುರಿ, ಆಡುಗಳ ರಾಶಿ ರಾಶಿ ಮೂಳೆ. ಗೋರಿಗಳ ಅಸ್ಥಿಪಂಜರಗಳಲ್ಲಿ ಮುರಿದು ಸರಿಯಾಗಿ ಕೂಡಿದ ಎಲುಬುಗಳಿವೆ, ಅಂದರೆ ಯಾರೋ ಪಟ್ಟಿ ಕಟ್ಟಿ ಆರೈಕೆ ಮಾಡಿದ್ದಾರೆ. ಕಲ್ಲುಗಳ ಮೇಲೆ ತಂಡಗಳು ತಮ್ಮ ಹೆಸರು ಬರೆದಿವೆ: 'ಖುಫುವಿನ ಗೆಳೆಯರು', 'ಮೆಂಕೌರೆಯ ಕುಡುಕರು'. 2013ರಲ್ಲಿ ಕೆಂಪು ಸಮುದ್ರದ ದಂಡೆಯ ವಾದಿ ಅಲ್-ಜರ್ಫ್‌ನಲ್ಲಿ ಪಿಯೆರ್ ತಾಲೆ ಅವರಿಗೆ ಸಿಕ್ಕ ಪಪೈರಸ್‌ಗಳು ಬರಹವಿರುವ ಪಪೈರಸ್‌ಗಳಲ್ಲೇ ಅತಿ ಹಳೆಯವು. ಅವುಗಳಲ್ಲಿ ಮೆರೆರ್ ಎಂಬ ಮೇಲ್ವಿಚಾರಕನ ದಿನಚರಿಯಿದೆ. ತೂರಾ ಕಲ್ಲುಗಣಿಯಿಂದ ದೋಣಿಯಲ್ಲಿ ಸುಣ್ಣಕಲ್ಲು ತುಂಬಿಕೊಂಡು ಗೀಜಾಕ್ಕೆ ಹೋಗುವುದು, ರಾತ್ರಿ ತಂಗುವುದು, ಬರಿದು ದೋಣಿಯಲ್ಲಿ ಮರಳುವುದು, ಹತ್ತು ದಿನಕ್ಕೆ ಎರಡೋ ಮೂರೋ ಸಲ. ಖುಫುವಿನ ಮಹಾಪಿರಮಿಡ್ಡಿಗೆ ಕಲ್ಲು ಸಾಗಿಸಿದವರ ದಿನದ ಲೆಕ್ಕ ನಮ್ಮ ಕೈಗೆ ಬರುತ್ತದೆಂದು ಇಪ್ಪತ್ತು ವರ್ಷ ಹಿಂದೆ ಯಾರೂ ಎಣಿಸಿರಲಿಲ್ಲ.

ಇದರಿಂದ ಗುಲಾಮರ ಚಿತ್ರ ಬಿದ್ದಿತು, ಸರಿ. ಅದರ ಜಾಗಕ್ಕೆ ಸಂತೃಪ್ತ ಕಾರ್ಮಿಕರ ಚಿತ್ರ ತಂದಿಡುವ ಆತುರ ಮಾತ್ರ ನನಗೆ ಒಪ್ಪಿಗೆಯಿಲ್ಲ. ಬಿಟ್ಟಿ ಚಾಕರಿ ಇತ್ತು. ಕಾಲುವೆ ತೋಡಲು, ಕಲ್ಲು ಎಳೆಯಲು, ರಾಜನ ಹೊಲ ಉಳಲು ಜನರನ್ನು ಹೆಸರು ಹಿಡಿದು ಕರೆಸುತ್ತಿದ್ದರು. ಬ್ರೂಕ್ಲಿನ್ ಮ್ಯೂಸಿಯಮ್ಮಿನ ಒಂದು ಪಪೈರಸ್‌ನಲ್ಲಿ ಹೀಗೆ ಕರೆದಾಗ ತಪ್ಪಿಸಿಕೊಂಡು ಓಡಿಹೋದವರ ಪಟ್ಟಿಯಿದೆ. ಅದರ ಹಿಂಬದಿಗೆ ಒಂದು ದೊಡ್ಡ ಮನೆಯ 95 ಆಳುಗಳ ಪಟ್ಟಿ. ಅರ್ಧದಷ್ಟು ಹೆಸರುಗಳು ಪಶ್ಚಿಮ ಏಷ್ಯಾದಿಂದ ಬಂದವರವು. ಅಮಾರ್ನಾದ ನೆಲ ಹೇಳುವುದಂತೂ ಇನ್ನೂ ಕಠೋರ. ಅಖೆನಾತೆನ್ ಕ್ರಿ.ಪೂ. 14ನೇ ಶತಮಾನದಲ್ಲಿ ಬರಡು ಬಯಲಿನಲ್ಲಿ ಕೆಲವೇ ವರ್ಷಗಳಲ್ಲಿ ರಾಜಧಾನಿ ಎಬ್ಬಿಸಿದ. ಆತನ ಕಾಲದ ಗೋರಿಚಿತ್ರಗಳಲ್ಲಿ ಸೂರ್ಯನ ಕಿರಣ, ತುಂಬಿ ತುಳುಕುವ ನೈವೇದ್ಯ. ಬ್ಯಾರಿ ಕೆಂಪ್ ಅವರ ತಂಡ 2006ರಿಂದ 2013ರ ತನಕ ದಕ್ಷಿಣದ ಸಾಮಾನ್ಯರ ರುದ್ರಭೂಮಿಯನ್ನು ಅಗೆದಾಗ ಸಿಕ್ಕ 400ಕ್ಕೂ ಹೆಚ್ಚು ಜನರ ಎಲುಬುಗಳಲ್ಲಿ ಕುಂಠಿತ ಬೆಳವಣಿಗೆ, ಅಪೌಷ್ಟಿಕತೆ, ಎಳೆಯ ವಯಸ್ಸಿಗೇ ಸವೆದ ಬೆನ್ನುಮೂಳೆ, ಕೀಲು. ಆ ನಗರದ ಕಟ್ಟಡಗಳಿಗೆ ಬಳಸಿದ ಕಲ್ಲು ಒಬ್ಬ ಹೊರುವ ಅಳತೆಯದು, ಒಂದೊಂದು ಸುಮಾರು 70 ಕಿಲೋ. ಕೆಲವು ಗಂಡಸರ ಹೆಗಲೆಲುಬಿನಲ್ಲಿ ಈಟಿಯಿಂದ ಚುಚ್ಚಿದ ತೂತುಗಳಿವೆ. ನೂರು ಏಟು, ಐದು ಗಾಯ ಎಂಬ ಶಿಕ್ಷೆ ಆ ಕಾಲದ ರಾಜಶಾಸನಗಳಲ್ಲಿ ಬರುತ್ತದೆ. ಉತ್ತರದ ಇನ್ನೊಂದು ರುದ್ರಭೂಮಿಯಲ್ಲಿ ಸಿಕ್ಕವರಲ್ಲಿ ಹತ್ತರಲ್ಲಿ ಒಂಬತ್ತು ಜನ 7ರಿಂದ 25 ವರ್ಷದೊಳಗಿನವರು, ಹೆಚ್ಚಿನವರು ಮಕ್ಕಳೇ. ಮನೆಮಂದಿಯಿಂದ ಬೇರೆಯಾಗಿ ತಂದು ದುಡಿಸಿದ ಮಕ್ಕಳ ಗುಂಪು ಇದಿರಬಹುದೆಂದು ಅಗೆದವರು ಸೂಚಿಸಿದ್ದಾರೆ. ಲಿಖಿತ ದಾಖಲೆಯೊಂದೂ ಇವರ ಬಗ್ಗೆ ಮಾತಾಡಿಲ್ಲ. ದೇರ್ ಎಲ್-ಮದೀನಾದ ಜೊತೆಗೆ ಅಮಾರ್ನಾವನ್ನೂ ಇಟ್ಟುಕೊಂಡೇ ಯಾರೇ ಆದರೂ ಈಜಿಪ್ಟಿನ ದಿನನಿತ್ಯದ ಬದುಕನ್ನು ಬರೆಯಬೇಕು.

ರೈತನನ್ನು ನಾವು ನೋಡುವುದು ಬಹುತೇಕ ಬೇರೆಯವರ ಕಣ್ಣಿನಿಂದ. ಲಕ್ಸಾರಿನ ಬಳಿಯ ಮೆನ್ನಾನ ಗೋರಿಯಲ್ಲಿ ಸುಗ್ಗಿಯ ಚಿತ್ರಗಳು ಅಷ್ಟು ಜೀವಂತ: ಹಗ್ಗ ಹಿಡಿದು ಹೊಲ ಅಳೆಯುವವರು, ಕಣದಲ್ಲಿ ತೂರುವವರು, ಇನ್ನೊಬ್ಬಳ ಕಾಲಿನ ಮುಳ್ಳು ತೆಗೆಯುವ ಹುಡುಗಿ, ಹಕ್ಕಲು ಆಯುತ್ತಾ ಜುಟ್ಟು ಹಿಡಿದು ಜಗಳಾಡುವ ಇಬ್ಬರು ಹುಡುಗಿಯರು, ಮತ್ತು ಏಟು ತಿನ್ನುತ್ತಿರುವ ಒಬ್ಬ. ಈ ಮೆನ್ನಾ ರಾಜನ ಹೊಲಗಳ ಲೆಕ್ಕ ಬರೆಯುವ ಕರಣಿಕ. ಚಿತ್ರದಲ್ಲಿರುವುದು ಕಂದಾಯದವನ ನೋಟ. ದೇರ್ ಎಲ್-ಮದೀನಾದ ಸೆನ್ನೆಜೆಮ್‌ನ ಗೋರಿಯಲ್ಲಿ ಗಂಡ ಹೆಂಡತಿ ಬಿಳಿಯ ಮಡಿಬಟ್ಟೆ ಉಟ್ಟು ನೇಗಿಲು ಹಿಡಿದಿದ್ದಾರೆ, ಆಳೆತ್ತರದ ತೆನೆ ಕೊಯ್ಯುತ್ತಿದ್ದಾರೆ. ಶಾಲಾ ಪುಸ್ತಕಗಳಲ್ಲಿ 'ಈಜಿಪ್ಟಿನ ಒಕ್ಕಲುತನ' ಎಂದು ಎಲ್ಲೆಲ್ಲೂ ಅಚ್ಚಾಗುವ ಆ ಚಿತ್ರ ಪರಲೋಕದ ಹೊಲದ್ದು. ಸೆನ್ನೆಜೆಮ್ ಬದುಕಿದ್ದಾಗ ಗೋರಿ ಕಟ್ಟುವ ಕೆಲಸದವನು. ಇನ್ನು ಖೆತಿ ಎಂಬಾತ ಮಗನಿಗೆ ಹೇಳಿದಂತೆ ಬರೆದ ಬೋಧನೆಯಲ್ಲಿ ರೈತ, ಅಗಸ, ಕುಂಬಾರ, ನೇಕಾರ ಎಲ್ಲರ ಪಾಡೂ ದಾರುಣ, ಕರಣಿಕನೊಬ್ಬನೇ ಸುಖಿ. ಅದನ್ನು ಶಾಲೆಯ ಮಕ್ಕಳು ನಕಲು ಮಾಡಿ ಕಲಿಯುತ್ತಿದ್ದರು, ಆದ್ದರಿಂದ ಪ್ರತಿಗಳು ರಾಶಿಯಾಗಿ ಸಿಕ್ಕಿವೆ. ಓದಲು ಹುರಿದುಂಬಿಸುವ ಪಾಠವನ್ನು ಹೊಲದ ವರದಿಯೆಂದು ಓದಲಾಗದು. ನೂರಕ್ಕೆ ಒಬ್ಬನಷ್ಟೇ ಓದು ಬಲ್ಲವನಿದ್ದನೆಂಬ ಅಂದಾಜನ್ನು ಒಪ್ಪಿದರೆ, ಉಳಿದ 99 ಜನರ ಬಗ್ಗೆ ಬರೆದವನೂ ಆ ಒಬ್ಬನೇ.

ಹೊಲಕ್ಕೆ ಹತ್ತಿರವಾದ ದನಿ ಒಂದಿದೆ. ಕ್ರಿ.ಪೂ. 20ನೇ ಶತಮಾನದ ಹೆಕನಖ್ತ್ ಗೋರಿಪೂಜೆಯ ಅರ್ಚಕ, ಜೊತೆಗೆ ಜಮೀನುದಾರ. ಊರಿನಿಂದ ದೂರವಿದ್ದಾಗ ಮನೆಗೆ ಬರೆದ ಪತ್ರಗಳು 1920ರ ದಶಕದ ಆರಂಭದಲ್ಲಿ ಹರ್ಬರ್ಟ್ ವಿನ್‌ಲಾಕ್ ಅವರಿಗೆ ದೇರ್ ಎಲ್-ಬಹ್ರಿಯ ಬಳಿ ಸಿಕ್ಕವು. ಯಾವ ಹೊಲ ಗುತ್ತಿಗೆಗೆ ಹಿಡಿಯಬೇಕು, ಗುತ್ತಿಗೆಯನ್ನು ಬಟ್ಟೆಯಲ್ಲಿ ಕೊಡಬೇಕೋ ಧಾನ್ಯದಲ್ಲೋ, ಯಾರಿಗೆ ಎಷ್ಟು ಪಡಿ ಅಳೆಯಬೇಕು, ಎಲ್ಲವನ್ನೂ ಬಿಡಿಸಿ ಬರೆದಿದ್ದಾನೆ. ನೆರೆ ಸಾಕಷ್ಟು ಬಾರದ ವರ್ಷಗಳು ಅವು. ಪಡಿ ಕಡಿಮೆಯಾಯಿತೆಂದು ಗೊಣಗಬೇಡಿ, ಬೇರೆ ಕಡೆ ಜನ ಜನರನ್ನೇ ತಿನ್ನತೊಡಗಿದ್ದಾರೆ ಎನ್ನುತ್ತಾನೆ. ತನ್ನ ಹೊಸ ಹೆಂಡತಿಯನ್ನು ಮನೆಯವರು ನೋಯಿಸುತ್ತಿರುವುದಕ್ಕೆ ಸಿಟ್ಟಾಗುತ್ತಾನೆ, ಅವಳಿಗೆ ಕಿರುಕುಳ ಕೊಟ್ಟ ಸೇವಕಿಯನ್ನು ಕೂಡಲೇ ಹೊರಹಾಕಿ ಎಂದು ಆಜ್ಞಾಪಿಸುತ್ತಾನೆ. ಅಗಾಥಾ ಕ್ರಿಸ್ಟಿ ತಮ್ಮ ಈಜಿಪ್ಟಿನ ಕಾದಂಬರಿಗೆ ಈ ಮನೆಯನ್ನೇ ಆಧಾರ ಮಾಡಿಕೊಂಡರು. ನೆರೆ ಒಂದೆರಡು ವರ್ಷ ತಗ್ಗಿದರೆ ಉಣ್ಣುವ ತಟ್ಟೆ ಎಷ್ಟು ಬೇಗ ಬರಿದಾಗುತ್ತದೆಂಬುದನ್ನು ಯಾವ ರಾಜಶಾಸನವೂ ಈ ಪತ್ರಗಳಷ್ಟು ಸ್ಪಷ್ಟವಾಗಿ ಹೇಳಿಲ್ಲ. ಆದರೂ ಇದು ಯಜಮಾನನ ಮಾತು. ಆ ಹೊಲಗಳಲ್ಲಿ ದುಡಿದವರು ಇಲ್ಲಿಯೂ ಪಡಿಯ ಪಟ್ಟಿಯ ಹೆಸರುಗಳಾಗಿಯೇ ಉಳಿದಿದ್ದಾರೆ.

ರೈತನ ಸ್ವಂತ ದನಿ ದೊಡ್ಡ ಪ್ರಮಾಣದಲ್ಲಿ ಕೇಳುವುದು ಫೇರೋಗಳು ಹೋದ ಮೇಲೆ, ಗ್ರೀಕ್ ಮತ್ತು ರೋಮನ್ ಆಡಳಿತದ ಕಾಲದಲ್ಲಿ. ಫಯ್ಯೂಮಿನ ಕಾರಾನಿಸ್ ಎಂಬ ನಿಜವಾದ ಬೇಸಾಯದ ಹಳ್ಳಿಯನ್ನು ಮಿಶಿಗನ್ ವಿಶ್ವವಿದ್ಯಾಲಯ 1924ರಿಂದ 1935ರ ತನಕ ಅಗೆಯಿತು. ಕಂದಾಯ, ಗೇಣಿ, ಅರ್ಜಿ, ಪತ್ರ ಎಲ್ಲವೂ ಸಿಕ್ಕಿದವು. ಕನ್ನಡಿಗರಿಗೆ ಹೆಚ್ಚು ಪರಿಚಿತವಾದದ್ದು ಇದೇ ಕಾಲದ ಇನ್ನೊಂದು ಊರು, ಆಕ್ಸಿರಿಂಕಸ್. ಅದರ ತಿಪ್ಪೆಗಳನ್ನು ಗ್ರೆನ್‌ಫೆಲ್ ಮತ್ತು ಹಂಟ್ 1896ರಿಂದ ಅಗೆದರು. ಅಲ್ಲಿ ಸಿಕ್ಕ ಗ್ರೀಕ್ ಪ್ರಹಸನವೊಂದರಲ್ಲಿ ಭಾರತದ ಕಡಲತೀರದ ದೊರೆ ಆಡುವ ಅರ್ಥವಾಗದ ಮಾತುಗಳು ಕನ್ನಡವಿರಬಹುದೆಂದು 1904ರಲ್ಲಿ ಹುಲ್ಟ್ಶ್ ಸೂಚಿಸಿದರು. ಶಾಮಾಶಾಸ್ತ್ರಿ, ಗೋವಿಂದ ಪೈ ಅವರೂ ಅದನ್ನು ಬಿಡಿಸಲು ಯತ್ನಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ಆ ಪ್ರಹಸನ ಮೂರನೇ ರಾಮ್ಸೆಸ್‌ನ ಮುಷ್ಕರಕ್ಕಿಂತ ಸಾವಿರದ ಇನ್ನೂರಕ್ಕೂ ಹೆಚ್ಚು ವರ್ಷ ಈಚಿನದು ಎಂಬುದನ್ನು ನಮ್ಮಲ್ಲಿ ಅದರ ಬಗ್ಗೆ ಬರೆಯುವವರು ಮರೆಯುವುದುಂಟು. ರೋಮನ್ ಕಾಲದ ಕಂದಾಯದ ಪದ್ಧತಿ, ಗೇಣಿಯ ಕರಾರು, ಹಳ್ಳಿಯ ಅಧಿಕಾರಿಗಳು ಬೇರೆ. ಕಾರಾನಿಸ್‌ನ ರೈತನನ್ನು ಹಿಂದಕ್ಕೆ ಕೊಂಡೊಯ್ದು ರಾಮ್ಸೆಸ್‌ನ ಕಾಲದಲ್ಲಿ ಕೂರಿಸುವುದು ತಪ್ಪು ದಾರಿ.

ಹಾಗಾದರೆ ಹೂಳಿನಡಿಯ ಊರುಗಳಿಗೆ ದಾರಿಯಿಲ್ಲವೇ? ಇದೆ, ಆದರೆ ಆತುರ ಮಾಡಬೇಕು. ಜರ್ಮನ್ ತಂಡ 1969ರಿಂದ ಅಸ್ವಾನ್ ಬಳಿಯ ಎಲಿಫೆಂಟೈನ್ ದ್ವೀಪದಲ್ಲಿ ಪದರ ಪದರವಾಗಿ ಊರನ್ನು ಬಿಡಿಸುತ್ತಿದೆ. ಟೆಲ್ ಎಲ್-ದಬಾ, ಟೆಲ್ ಎದ್ಫುಗಳಲ್ಲಿ ಮನೆ, ಕಣಜ, ಅಂಗಳಗಳ ಅಗೆತ ಗೋರಿಗಳಷ್ಟು ಸುದ್ದಿ ಮಾಡದಿದ್ದರೂ ನಡೆದಿದೆ. ನದೀಮುಖಜ ಪ್ರದೇಶದ ಸಾಯಿಸ್‌ನಲ್ಲಿ ಕೊರೆದು ತೆಗೆದ ಮಣ್ಣಿನ ಕಂಬಗಳಿಂದ ಅಂತರ್ಜಲದ ಮಟ್ಟದ ಕೆಳಗೆ ಶಿಲಾಯುಗದ ವಸತಿ ಪತ್ತೆಯಾಗಿದೆ. ಲಂಡನ್ನಿನ ಈಜಿಪ್ಟ್ ಎಕ್ಸ್‌ಪ್ಲೊರೇಷನ್ ಸೊಸೈಟಿ ಆ ನದೀಮುಖಜ ಪ್ರದೇಶದಲ್ಲಿ 700ಕ್ಕೂ ಹೆಚ್ಚು ಪುರಾತನ ನಿವೇಶನಗಳ ಪಟ್ಟಿ ಮಾಡಿದೆ. ಅವುಗಳಲ್ಲಿ ಅಗೆದು ನೋಡಿದ್ದು ಬೆರಳೆಣಿಕೆಯಷ್ಟು. 1970ರಲ್ಲಿ ಅಸ್ವಾನ್ ಮೇಲ್ಕಟ್ಟೆ ಮುಗಿದ ಮೇಲೆ ನೆರೆ ನಿಂತಿತು, ವರ್ಷವಿಡೀ ಕಾಲುವೆ ನೀರು ಹರಿಯುತ್ತದೆ, ಅಂತರ್ಜಲ ಮೇಲೇರಿ ಉಪ್ಪು ಹಸಿ ಇಟ್ಟಿಗೆಯನ್ನು ತಿನ್ನುತ್ತಿದೆ. ಮೇಲಿನಿಂದ ಮನೆ, ರಸ್ತೆ, ಗದ್ದೆ ಒತ್ತಿಬರುತ್ತಿವೆ. ಪ್ರವಾಸಿಗರನ್ನು ಸೆಳೆಯುವ ಚಿನ್ನ ಅಲ್ಲಿ ಸಿಗದು, ಆದ್ದರಿಂದ ಹಣವೂ ಸುಲಭಕ್ಕೆ ಸಿಗದು. ಸಿಗುವುದು ಒಲೆಯ ಬೂದಿ, ಹಂದಿಯ ಎಲುಬು, ಸುಟ್ಟ ಕಾಳು, ಹೆಂಟೆ ಒಡೆಯುವ ಹತಾರ, ಒಡೆದ ಮಡಕೆ. ಈ ದೇಶದ ಹೆಚ್ಚು ಪಾಲು ಜನ ಬಿಟ್ಟುಹೋಗಿರುವುದು ಅಷ್ಟನ್ನೇ. ಇನ್ನೊಂದು ಫೇರೋನ ಗೋರಿಗಾಗಿ ಖರ್ಚಾಗುವ ಹಣದ ಒಂದು ಪಾಲು ಈ ದಿಬ್ಬಗಳಿಗೆ ಬರಬೇಕು, ಅದೂ ಮುಂದಿನ ಕೆಲವು ವರ್ಷಗಳಲ್ಲೇ ಬರಬೇಕು.